ಚೌಕಿಯಲ್ಲಿ ತಿದ್ದಿ, ರಂಗಸ್ಥಳದಲ್ಲಿ ಕಾಯಿರಿ

ಕುಮಟಾ, ಹೊನ್ನಾವರ, ಭಟ್ಕಳ ತಾಲೂಕುಗಳಲ್ಲಿ ಹೋಟೆಲು, ಬಟ್ಟೆ ಅಂಗಡಿ, ಆಸ್ಪತ್ರೆ, ಗೇರುಬೀಜ ಕಾರ್ಖಾನೆ, ರೆಸಾರ್ಟು, ಬೋಟು, ಸೊಸೈಟಿ ನಡೆಸುತ್ತಿರುವ ಎಲ್ಲ ಯಜಮಾನರಿಗೆ, ಮ್ಯಾನೇಜರುಗಳಿಗೆ, ಕಾರ್ಯದರ್ಶಿಗಳಿಗೆ ಈ ಪತ್ರ.

ಧಾರೇಶ್ವರದಲ್ಲಿ ಹೆದ್ದಾರಿ ಬದಿಯ ಯಾವ ಗಲ್ಲಾಪೆಟ್ಟಿಗೆಯ ಎದುರು ಐದು ನಿಮಿಷ ನಿಂತರೂ ಕಿವಿಗೆ ಬೀಳುವ ಮಾತು ಒಂದೇ. "ಜನ ಸಿಗೂದಿಲ್ಲ ಮಾರಾಯ್ರೆ. ಸಿಕ್ಕಿದವ್ರು ನಿಲ್ಲೂದಿಲ್ಲ." ಕುಮಟೆಯ ಪೇಟೆಯಲ್ಲೂ ಇದೇ ಮಾತು, ಹೊನ್ನಾವರದ ಬಂದರಿನಲ್ಲೂ ಇದೇ. ಮೊದಲರ್ಧದಲ್ಲಿ ಸುಳ್ಳಿಲ್ಲ. ಘಟ್ಟದ ಕೆಳಗಿನ ಹುಡುಗರು ಹಿಂದಿನಿಂದಲೂ ಊರು ಬಿಟ್ಟು ದುಡಿದವರೇ. 1998ರಲ್ಲಿ ಕೊಂಕಣ ರೈಲ್ವೆ ಪೂರ್ತಿಯಾಗಿ ಶುರುವಾದ ಮೇಲೆ ಗೋವಾ, ಮುಂಬೈ ಇನ್ನಷ್ಟು ಹತ್ತಿರವಾದವು. ಬೆಂಗಳೂರಿಗೆ ರಾತ್ರಿ ಬಸ್ಸು ಹತ್ತಿದರೆ ಬೆಳಗ್ಗೆ ಇಳಿಯುವುದು. ಸಂಬಳದ ಲೆಕ್ಕದಲ್ಲಿ ಊರಿನ ಅಂಗಡಿ ಆ ಪೇಟೆಗಳ ಜತೆ ಪೈಪೋಟಿಗೆ ನಿಲ್ಲುವುದು ಕಷ್ಟ, ಒಪ್ಪಬೇಕು.

ಈ ಪತ್ರ ಇರುವುದು ಎರಡನೆಯ ಅರ್ಧದ ಬಗ್ಗೆ. ಸಿಕ್ಕಿದವರು ಯಾಕೆ ನಿಲ್ಲುವುದಿಲ್ಲ?

ಹೀಗೆ ಕೇಳುವುದು ಯಾಕೆಂದರೆ, ಇದೇ ಕರಾವಳಿಯಲ್ಲಿ ನಿಮ್ಮ ಅಂಗಡಿಗಿಂತ ಕಷ್ಟದ ಒಂದು ಕೆಲಸದ ಜಾಗವಿದೆ. ಅಲ್ಲಿ ರಾತ್ರಿಯಿಡೀ ದುಡಿಮೆ, ಹಗಲು ಯಾವುದೋ ಊರಿನ ದೇವಸ್ಥಾನದ ಜಗುಲಿಯಲ್ಲೋ ಶಾಲೆಯ ಕೋಣೆಯಲ್ಲೋ ನಿದ್ದೆ. ಕೆಲಸ ಇರುವುದು ದೀಪಾವಳಿಯ ಆಚೀಚೆಯಿಂದ ಮಳೆ ಹಿಡಿಯುವವರೆಗೆ ಮಾತ್ರ. ಸಂಬಳ ದೊಡ್ಡದಲ್ಲ. ಆದರೂ ಮೀಸೆ ಮೂಡದ ವಯಸ್ಸಿನಲ್ಲಿ ಸೇರಿದವರು ಕೂದಲು ಹಣ್ಣಾಗುವವರೆಗೆ ಆ ಕಸುಬು ಬಿಟ್ಟಿಲ್ಲ. ಅದು ಯಕ್ಷಗಾನ ಮೇಳ. ಕಲೆಯ ಹುಚ್ಚು, ದೇವರ ಭಕ್ತಿ, ಚಪ್ಪಾಳೆಯ ರುಚಿ ಎಂದು ಯಾರಾದರೂ ಉತ್ತರ ಹೇಳಿಬಿಡುತ್ತಾರೆ. ಅದು ಅರ್ಧ ಉತ್ತರ. ಉಳಿದ ಅರ್ಧ ಮೇಳದೊಳಗೆ ಕೆಲಸವನ್ನು ಜೋಡಿಸಿದ ರೀತಿಯಲ್ಲಿದೆ. ಯಜಮಾನರಾದವರು ಆಟವನ್ನು ಕುರ್ಚಿಯಲ್ಲಿ ಕೂತು ನೋಡಿದ್ದು ಸಾಕಷ್ಟಾಯಿತು. ಒಮ್ಮೆ ಹಿಂದಿನಿಂದ, ಬಣ್ಣ ಹಚ್ಚಿ ವೇಷ ಕಟ್ಟುವ ಚೌಕಿಯ ಕಡೆಯಿಂದ ನೋಡಬೇಕು.

ಧಾರೇಶ್ವರವೆಂಬ ಊರಿನ ಹೆಸರನ್ನು ಕರಾವಳಿ, ಮಲೆನಾಡು, ಮುಂಬೈವರೆಗೆ ಮೈಕಿನಲ್ಲಿ ಮೊಳಗಿಸಿದ ಭಾಗವತ ಸುಬ್ರಹ್ಮಣ್ಯ ಧಾರೇಶ್ವರರಿಂದಲೇ ಶುರು ಮಾಡಬಹುದು. ಅವರು ತೀರಿಕೊಂಡದ್ದು 2024ರ ಏಪ್ರಿಲ್ 25ರಂದು. ಪೆರ್ಡೂರು ಮೇಳದ ಪ್ರಧಾನ ಭಾಗವತರಾಗಿ ಎರಡು ದಶಕಕ್ಕೂ ಹೆಚ್ಚು ಕಾಲ ಹಾಡಿದವರು. ಅವರ ಪದ್ಯ ಕೇಳಲೆಂದೇ ಟಿಕೆಟ್ ಕೊಂಡವರು ನಿಮ್ಮ ನಡುವೆಯೇ ಇದ್ದಾರೆ. ಆದರೆ ಮೇಳದ ಬದುಕಿಗೆ ಅವರು ಬಂದದ್ದು ತಾಳ ಹಿಡಿದಲ್ಲ. ಕೋಟದ ಅಮೃತೇಶ್ವರಿ ಮೇಳಕ್ಕೆ ಇಲೆಕ್ಟ್ರಿಷಿಯನ್ ಆಗಿ ಬಂದರು. ಆ ಮೇಳದಲ್ಲಿ ಆಗ ಹಾಡುತ್ತಿದ್ದವರು ನಾರ್ಣಪ್ಪ ಉಪ್ಪೂರರು. ದೀಪದ ವಯರು ನೋಡಿಕೊಳ್ಳುತ್ತಿದ್ದ ಹುಡುಗ ಉಪ್ಪೂರರ ಶಿಷ್ಯನಾದ, ಶಿಷ್ಯ ಭಾಗವತನಾದ.

ಇದನ್ನು ಪ್ರತಿಭೆಯ ಕತೆಯೆಂದು ಹೇಳಿ ಕೈತೊಳೆದುಕೊಳ್ಳುವುದು ಸುಲಭ. ಪ್ರತಿಭೆ ಇತ್ತು, ಸರಿ. ಆದರೆ ಲೈಟಿನ ಕೆಲಸಕ್ಕೆ ಬಂದವನ ಕಂಠ ಚೆನ್ನಾಗಿದೆ ಎಂದು ಗೊತ್ತಾಗುವಂಥ ಜಾಗ ಅದಾಗಿತ್ತು ಎಂಬುದೇ ಇಲ್ಲಿ ದೊಡ್ಡ ಸಂಗತಿ. ಅವನ ಕೆಲಸ ಮುಗಿದ ಮೇಲೆ ಅವನು ರಂಗಸ್ಥಳದ ಬದಿಯಲ್ಲಿ ಕೂತು ಕೇಳಬಹುದಿತ್ತು. ಊಟ ಒಂದೇ ಪಂಕ್ತಿ, ಪ್ರಯಾಣ ಒಂದೇ ಗಾಡಿ. ಬಾಯಲ್ಲಿ ಗುನುಗಿದ್ದು ದೊಡ್ಡವರ ಕಿವಿಗೆ ಬೀಳುವ ಅಂತರದಲ್ಲಿ ಅವನಿದ್ದ. ನಿಮ್ಮಲ್ಲಿ ಗೋದಾಮಿಗೆ ಮೂಟೆ ಹೊರಲು ಸೇರಿದ ಹುಡುಗ ಲೆಕ್ಕದಲ್ಲಿ ಚುರುಕು ಎಂಬುದು ನಿಮಗೆ ಗೊತ್ತಾಗುವ ದಾರಿ ಯಾವುದು? ಆಸ್ಪತ್ರೆಯ ಆಯಾಗೆ ರೋಗಿಗಳನ್ನು ಮಾತಾಡಿಸುವ ಗುಣ ಡಾಕ್ಟರರಿಗಿಂತ ಚೆನ್ನಾಗಿದೆ ಎಂಬುದನ್ನು ಯಾರು ಗಮನಿಸಬೇಕು? ಬಹಳಷ್ಟು ಕಡೆ ಯಾರೂ ಇಲ್ಲ. ಮೂಟೆಯವ ಮೂಟೆಯವನಾಗಿಯೇ ಎರಡು ವರ್ಷ ಕಳೆದು, ಒಂದು ದಿನ ಮಡಗಾಂವಿನ ರೈಲು ಹತ್ತುತ್ತಾನೆ. ಅಲ್ಲಿ ಅವನು ಸೂಪರ್‌ವೈಸರ್ ಆದ ಎಂದು ಆಮೇಲೆ ಊರಿಗೆ ಸುದ್ದಿ ಬರುತ್ತದೆ.

ಚೌಕಿಯೊಳಗೆ ಹೋಗೋಣ. ಸಂಜೆ ಏಳೂವರೆ ಎಂಟರ ಹೊತ್ತು. ತುದಿಯಲ್ಲಿ ಗಣಪತಿಯ ಪೆಟ್ಟಿಗೆ, ಅದರೆದುರು ದೀಪ. ಎರಡೂ ಬದಿಗೆ ಸಾಲಾಗಿ ವೇಷಧಾರಿಗಳು. ಯಾರ ಜಾಗ ಎಲ್ಲಿ ಎಂಬುದು ಅವರು ಕಟ್ಟುವ ವೇಷದ ಮೇಲೆ ನಿಶ್ಚಿತ. ಎರಡನೇ ವೇಷದವರು ಕನ್ನಡಿ ಹಿಡಿದು ಹುಬ್ಬು ತಿದ್ದಿಕೊಳ್ಳುತ್ತಿದ್ದಾರೆ. ಪಕ್ಕದಲ್ಲಿ ಹದಿನಾರರ ಹುಡುಗ ಅಟ್ಟೆಯ ಮೇಲೆ ಬಟ್ಟೆ ಸುತ್ತುವುದಕ್ಕೆ ಕೈ ಕೊಡುತ್ತಾನೆ, ಜರಿಪಟ್ಟಿಯ ತುದಿ ಹಿಡಿದು ನಿಲ್ಲುತ್ತಾನೆ, ಸೂಜಿ ಎಲ್ಲಿ ಎಂದು ಕೇಳುವ ಮೊದಲೇ ಸೂಜಿ ಕೊಡುತ್ತಾನೆ. ಈ ಭಾಗದ ಬಡಗುತಿಟ್ಟು ಯಕ್ಷಗಾನದ ಮುಂಡಾಸನ್ನು ಹೀಗೆ ದಿನವೂ ಹೊಸದಾಗಿ ಕಟ್ಟಬೇಕು. ಆದ್ದರಿಂದ ದಿನವೂ ನೋಡಲು ಸಿಗುತ್ತದೆ. ಆ ಹುಡುಗನಿಗೆ ಯಾರೂ ಪಾಠ ಹೇಳುತ್ತಿಲ್ಲ. ಆದರೆ ಒಂದು ಸೀಸನ್ನಿನ ತಿರುಗಾಟ ಮುಗಿಯುವಷ್ಟರಲ್ಲಿ ಅವನ ಕೈಗೆ ಆ ಬಿಗಿ ಬಂದಿರುತ್ತದೆ.

ಒಂಬತ್ತರ ಸುಮಾರಿಗೆ ಅದೇ ಹುಡುಗ ಗೆಜ್ಜೆ ಕಟ್ಟಿ ರಂಗಸ್ಥಳಕ್ಕೆ ಹೋಗುತ್ತಾನೆ. ಕೋಡಂಗಿಯಾಗಿ, ಆಮೇಲಿನ ವರ್ಷಗಳಲ್ಲಿ ಬಾಲಗೋಪಾಲನಾಗಿ, ಪೀಠಿಕೆಯ ಸ್ತ್ರೀವೇಷವಾಗಿ. ಪ್ರೇಕ್ಷಕರು ಇನ್ನೂ ಬರುತ್ತಿದ್ದಾರೆ, ಕಡಲೆಕಾಯಿ ಕೊಳ್ಳುತ್ತಿದ್ದಾರೆ, ಕುರ್ಚಿ ಎಳೆಯುತ್ತಿದ್ದಾರೆ. ಆ ಹೊತ್ತಿನ ಹೆಜ್ಜೆ ತಪ್ಪಿದರೆ ಆಟ ಕೆಡುವುದಿಲ್ಲ. ಹಾಡುವವರೂ ಪ್ರಧಾನ ಭಾಗವತರಲ್ಲ. ಆ ಹೊತ್ತಿಗೆ ಕೂತಿರುವವರು ಸಂಗೀತಗಾರರು. ಬಡಗಿನ ಮೇಳದಲ್ಲಿ ಕಿರಿಯ ಭಾಗವತರಿಗಿರುವ ಹೆಸರದು. ಪ್ರಸಂಗಕ್ಕೆ ಮೊದಲಿನ ಈ ಪೂರ್ವರಂಗವನ್ನೂ ರಾತ್ರಿಯ ಮೊದಲ ಭಾಗವನ್ನೂ ಅವರು ಹಾಡಿ, ಪ್ರಸಂಗ ಬಿಗಿಯಾಗುವ ಹೊತ್ತಿಗೆ ಹಿರಿಯರಿಗೆ ಜಾಗ ಬಿಟ್ಟುಕೊಡುತ್ತಾರೆ. ಮದ್ದಳೆಯಲ್ಲೂ ಹೀಗೆಯೇ, ಹಿರಿಯರ ಜತೆಗೆ ಒತ್ತು ಮದ್ದಳೆಯವ. ಅಂದರೆ ಪ್ರತಿ ಮುಖ್ಯ ಕೆಲಸದ ಪಕ್ಕದಲ್ಲಿ ಅದನ್ನೇ ಕಲಿಯುತ್ತಿರುವ ಒಬ್ಬನಿಗೆ ನಿಜವಾದ ಹೊಣೆ, ನಿಜವಾದ ಹೊತ್ತು, ಸಂಬಳ ಎಲ್ಲವೂ ಇದೆ.

ನಿಮ್ಮಲ್ಲಿ ಹೊಸಬ ಬಂದ ದಿನ ಏನಾಗುತ್ತದೆ? ಬೆಳಗ್ಗೆ ಹತ್ತಕ್ಕೆ ಸೇರಿದವನನ್ನು ಹನ್ನೊಂದಕ್ಕೆ ಕೌಂಟರಿನಲ್ಲಿ ನಿಲ್ಲಿಸುವುದು, ಮಧ್ಯಾಹ್ನ ಒಂದಕ್ಕೆ ಮುರ್ಡೇಶ್ವರಕ್ಕೆ ಹೊರಟ ಟೂರಿಸ್ಟ್ ಬಸ್ಸು ಬಂದು ನಿಂತಾಗ ಅವನು ತಬ್ಬಿಬ್ಬಾಗುವುದು, ಎಲ್ಲರೆದುರು ಬೈಸಿಕೊಳ್ಳುವುದು. ಮೇಳದ ಭಾಷೆಯಲ್ಲಿ ಹೇಳುವುದಾದರೆ, ಕೋಡಂಗಿಯನ್ನು ಕುಣಿಸದೆ ನೇರ ಕೀಚಕನ ವೇಷ ಕಟ್ಟಿಸಿದ ಹಾಗೆ. ಕುಣಿತ ಬರಲಿಲ್ಲ ಎಂದು ಆಮೇಲೆ ಗೋಳಾಡುವುದು.

ಇಲ್ಲೊಂದು ಎಚ್ಚರಿಕೆಯ ಮಾತು ಮೇಳದ ಕಡೆಯಿಂದಲೇ ಬಂದಿದೆ. ಕಾಲಮಿತಿಯ ಆಟಗಳು ಹೆಚ್ಚಾದ ಮೇಲೆ ಪೂರ್ವರಂಗ ಬಹಳ ಕಡೆ ಕುಗ್ಗಿತು, ಕೆಲವು ಕಡೆ ಹೆಸರಿಗೆ ಮಾತ್ರ ಉಳಿಯಿತು. ನೋಡುವವರಿಗೆ ಅದು ಬೇಡವಾಗಿತ್ತು, ಕಂಟ್ರಾಕ್ಟುದಾರನಿಗೆ ಅದು ದಂಡದ ಹೊತ್ತು. ಈಗ ಹಿರಿಯ ಕಲಾವಿದರು, ಎಳೆಯರ ಹೆಜ್ಜೆಗೆ ಮೊದಲಿನ ಗಟ್ಟಿತನವಿಲ್ಲ ಎಂದು ಆಡಿಕೊಳ್ಳುತ್ತಾರೆ. ಯಾರಿಗೂ ಬೇಡವಾಗಿ ಕಂಡ ಆ ಒಂದು ಗಂಟೆಯಲ್ಲೇ ಮುಂದಿನ ಇಪ್ಪತ್ತು ವರ್ಷದ ವೇಷಧಾರಿಗಳು ತಯಾರಾಗುತ್ತಿದ್ದರು. ಖರ್ಚು ಕಡಿಮೆ ಮಾಡುವ ಉಮೇದಿನಲ್ಲಿ "ಇಬ್ಬರು ಯಾಕೆ, ಒಬ್ಬನೇ ಸಾಕು" ಎಂದು ಒತ್ತಿನವನನ್ನು ಕಳಿಸಿಬಿಡುವ ಯಜಮಾನರು ಇದನ್ನೊಮ್ಮೆ ಯೋಚಿಸಬೇಕು. ಹಿರಿಯ ಕ್ಯಾಶಿಯರ್ ಆಸ್ಪತ್ರೆ ಸೇರಿದ ದಿನ ಅಂಗಡಿಯ ಬಾಗಿಲು ಅರ್ಧ ಹಾಕಬೇಕಾಗಿ ಬಂದವರಿಗೆ ಹೆಚ್ಚು ವಿವರಿಸಬೇಕಿಲ್ಲ.

ಇನ್ನು ತಪ್ಪಿನ ವಿಚಾರ. ಈ ಪತ್ರದ ಮುಖ್ಯ ಮಾತು ಇದೇ.

ರಂಗಸ್ಥಳದಲ್ಲಿ ವೇಷಧಾರಿ ಮಾತು ಮರೆಯುವುದುಂಟು. ಎದುರು ಪಾತ್ರಧಾರಿಯ ಪ್ರಶ್ನೆಗೆ ಉತ್ತರ ಹೊಳೆಯದೆ ತಡವರಿಸುವುದುಂಟು. ತಾಳ ತಪ್ಪಿ ಮುಕ್ತಾಯಕ್ಕೆ ಸರಿಯಾಗಿ ಕಾಲು ಬೀಳದೆ ಹೋಗುವುದುಂಟು. ಆಗ ಭಾಗವತರು ಏನು ಮಾಡುತ್ತಾರೆ ನೋಡಿ. ಮುಂದಿನ ಪದ್ಯ ಎತ್ತಿಬಿಡುತ್ತಾರೆ. ಅಥವಾ ತಾವೇ ಒಂದು ಮಾತು ಹಾಕಿ ಎಳೆ ಸಿಗುವಂತೆ ಮಾಡುತ್ತಾರೆ. ಮದ್ದಳೆಯವರು ಇನ್ನೆರಡು ಆವರ್ತ ಎಳೆದು, ಕಾಲು ತಾಳಕ್ಕೆ ಸೇರುವವರೆಗೆ ಕಾಯುತ್ತಾರೆ. ಎದುರು ನಿಂತ ಹಿರಿಯ ವೇಷಧಾರಿ ಅನುಭವಸ್ಥನಾದರೆ, ಉತ್ತರ ತನ್ನ ಪ್ರಶ್ನೆಯೊಳಗೇ ಇರುವಂತೆ ಪ್ರಶ್ನೆಯನ್ನು ಮತ್ತೊಮ್ಮೆ ತಿರುಗಿಸಿ ಕೇಳುತ್ತಾನೆ. ಪ್ರೇಕ್ಷಕರಿಗೆ ಏನೂ ಗೊತ್ತಾಗುವುದಿಲ್ಲ. ವೇಷ ಕಳಚುವ ಹೊತ್ತಿಗೆ, ಮುಖಕ್ಕೆ ಎಣ್ಣೆ ಹಚ್ಚಿ ಬಣ್ಣ ಒರೆಸಿಕೊಳ್ಳುತ್ತಿರುವಾಗ, ಹಿರಿಯರು ಕರೆಯುತ್ತಾರೆ: "ತಮಾ, ಆ ಪದ್ಯಕ್ಕೆ ಎರಡ್ನೇ ಸುತ್ತಲ್ಲಿ ತಿರುಗು, ಮೂರ್ನೇದಕ್ಕೆ ಕಾಯ್ಬೇಡ." ಅಷ್ಟೇ. ಮರುದಿನ ರಾತ್ರಿ ಇನ್ನೊಂದು ಊರಿನಲ್ಲಿ ಅದೇ ವೇಷ, ಅದೇ ಪದ್ಯ. ತಿದ್ದಿಕೊಳ್ಳಲು ಇಪ್ಪತ್ತನಾಲ್ಕು ಗಂಟೆಗಿಂತ ಹೆಚ್ಚು ಕಾಯಬೇಕಿಲ್ಲ.

ಎಲ್ಲ ಚೌಕಿಯೂ ಇಷ್ಟು ಸೌಮ್ಯವಾಗಿರುತ್ತದೆ ಎಂದು ಹೇಳಿದರೆ ಕಲಾವಿದರೇ ನಕ್ಕಾರು. ಬೈಗುಳ ಅಲ್ಲಿಯೂ ಇದೆ, ಧಾರಾಳವಾಗಿಯೇ ಇದೆ. ಆದರೆ ಬೈಗುಳ ಚೌಕಿಯದು. ರಂಗಸ್ಥಳದಲ್ಲಿ ಇರುವಷ್ಟು ಹೊತ್ತು ಹಾಡಿ ಬಾರಿಸುವ ಹಿಮ್ಮೇಳ, ವೇಷ ಕಟ್ಟಿದ ಮುಮ್ಮೇಳಕ್ಕೆ ಕಾವಲು. ನಿಮ್ಮಲ್ಲಿ ಬಹಳ ಜನ ಇದನ್ನು ತಲೆಕೆಳಗು ಮಾಡಿದ್ದೀರಿ. ಗಿರಾಕಿ ಎದುರಿಗಿದ್ದಾಗ ಕೆಲಸದವನನ್ನು ಬೈಯುವುದು, ಗಿರಾಕಿ ಹೋದ ಮೇಲೆ ಮಾತೇ ಆಡದಿರುವುದು. ಸಪ್ಲೈಯರ್ ಹುಡುಗ ಚಹಾ ಚೆಲ್ಲಿದರೆ ಗಲ್ಲೆಯಿಂದಲೇ ಕೂಗು ಬರುತ್ತದೆ, ಹತ್ತು ಟೇಬಲಿನವರು ತಿರುಗಿ ನೋಡುತ್ತಾರೆ. ಗಿರಾಕಿಗೆ ಸಮಾಧಾನವಾಗಲಿ ಎಂದು ಯಜಮಾನರ ಲೆಕ್ಕ. ಚಹಾ ಚೆಲ್ಲಿಸಿಕೊಂಡ ಗಿರಾಕಿಯೇ ಮುಜುಗರದಿಂದ "ಇರ್ಲಿ ಬಿಡಿ" ಎನ್ನುತ್ತಾನೆ. ಸಂಜೆ ಆ ಹುಡುಗನನ್ನು ಕರೆದು, ಟ್ರೇಯಲ್ಲಿ ಎಷ್ಟು ಗ್ಲಾಸು ಇಡಬೇಕು, ಯಾವ ಕೈಯಲ್ಲಿ ಹಿಡಿಯಬೇಕು ಎಂದು ಎರಡು ನಿಮಿಷ ತೋರಿಸಿಕೊಡುವವರು ಯಾರೂ ಇಲ್ಲ. ನಾಳೆಯೂ ಚಹಾ ಚೆಲ್ಲುತ್ತದೆ.

ಅಮೆರಿಕದ ಹಾರ್ವರ್ಡ್‌ನ ಎಮಿ ಎಡ್ಮಂಡ್ಸನ್ 1990ರ ದಶಕದಲ್ಲಿ ಆಸ್ಪತ್ರೆಗಳ ವಾರ್ಡುಗಳಲ್ಲಿ ಔಷಧ ಕೊಡುವಾಗ ಆಗುವ ತಪ್ಪುಗಳನ್ನು ಅಧ್ಯಯನ ಮಾಡಿದರು. ಒಗ್ಗಟ್ಟಿರುವ, ಒಳ್ಳೆಯ ಮುಖ್ಯಸ್ಥರಿರುವ ವಾರ್ಡಿನಲ್ಲಿ ತಪ್ಪು ಕಡಿಮೆ ಇರಬೇಕು ಎಂಬುದು ಊಹೆ. ಲೆಕ್ಕ ಉಲ್ಟಾ ಬಂತು. ಒಳ್ಳೆಯ ವಾರ್ಡುಗಳಲ್ಲೇ ತಪ್ಪುಗಳ ಪಟ್ಟಿ ಉದ್ದವಿತ್ತು. ಬಗೆದು ನೋಡಿದಾಗ ಕಂಡ ವಿವರಣೆ ಇದು: ಅಲ್ಲಿನ ನರ್ಸುಗಳು ತಪ್ಪಾಗಿದೆ ಎಂದು ಬಾಯಿ ಬಿಟ್ಟು ಹೇಳುತ್ತಿದ್ದರು, ಉಳಿದ ಕಡೆ ಹೆದರಿ ಮುಚ್ಚಿಡುತ್ತಿದ್ದರು. ಕುಮಟಾ, ಹೊನ್ನಾವರದ ಆಸ್ಪತ್ರೆ ನಡೆಸುವವರಿಗೆ ಇದು ಬರೀ ಪುಸ್ತಕದ ವಿಷಯವಲ್ಲ. ರಾತ್ರಿ ಪಾಳಿಯ ನರ್ಸ್ ಡೋಸ್ ತಪ್ಪಿತು ಎಂದು ಡಾಕ್ಟರರಿಗೆ ಫೋನ್ ಮಾಡಲು ಹೆದರಿದರೆ ನಷ್ಟ ಯಾರಿಗೆ? ಸೊಸೈಟಿಯ ಗುಮಾಸ್ತ ಖಾತೆ ತಪ್ಪಾಗಿ ಬರೆದದ್ದನ್ನು ವರ್ಷದ ಕೊನೆಗೆ ಆಡಿಟರ್ ಹುಡುಕಬೇಕಾಗಿ ಬಂದರೆ ಕಾರ್ಯದರ್ಶಿಯ ಮಾನ ಉಳಿಯುತ್ತದೆಯೇ?

ತಪ್ಪಿಗೆ ಅವಕಾಶ ಕೊಟ್ಟ ಇನ್ನೊಂದು ಜಾಗ ಹೊನ್ನಾವರ ತಾಲೂಕಿನಲ್ಲೇ ಇದೆ. ಗುಂಡಬಾಳದ ಮುಖ್ಯಪ್ರಾಣನ ಸನ್ನಿಧಿ. ಹರಕೆ ಹೊತ್ತವರು ಆಡಿಸುವ ಆಟ ಅಲ್ಲಿ ಸೀಸನ್ ಪೂರ್ತಿ ಕ್ಷೇತ್ರದಲ್ಲೇ ನಡೆಯುತ್ತದೆ. ಊರೂರು ತಿರುಗುವ ಟೆಂಟಿನ ಮೇಳಗಳ ಅಬ್ಬರ ಅಲ್ಲಿಲ್ಲ. ಕೆಲವು ರಾತ್ರಿ ನೋಡುವವರು ಬೆರಳೆಣಿಕೆಯಷ್ಟು. ನೋಡುವವರಿಲ್ಲದಿದ್ದರೆ ಹನುಮಂತನೇ ಪ್ರೇಕ್ಷಕ ಎಂದು ಆಟ ಸಾಗುತ್ತದೆ. ಟಿಕೆಟಿನ ಭಯವಿಲ್ಲದ, ಆದರೆ ಪೂರ್ತಿ ವೇಷ ಕಟ್ಟಿ ಪೂರ್ತಿ ಆಟ ಆಡಬೇಕಾದ ಅಂಥ ರಂಗಸ್ಥಳದಲ್ಲಿ ಪಳಗಿದವರು ಎಷ್ಟೋ ಮಂದಿ. ಎಳವೆಯಲ್ಲಿ ಆ ಮೇಳದಲ್ಲಿ ವೇಷ ಕಟ್ಟಿದವರಲ್ಲಿ ಚಿಟ್ಟಾಣಿ ರಾಮಚಂದ್ರ ಹೆಗಡೆಯವರೂ ಒಬ್ಬರು. ಶಾಲೆಯ ಮೆಟ್ಟಿಲು ಹೆಚ್ಚು ಹತ್ತದ ಆ ಮನುಷ್ಯ ಮುಂದೆ ಕೀಚಕ, ಭಸ್ಮಾಸುರರಿಗೆ ತನ್ನದೇ ನಡೆ ಕೊಟ್ಟರು. 2012ರಲ್ಲಿ ಪದ್ಮಶ್ರೀ ಬಂದಾಗ ಯಕ್ಷಗಾನಕ್ಕೆ ಅದು ಮೊದಲ ಪದ್ಮಶ್ರೀ.

ಚಿಟ್ಟಾಣಿಯವರ ಬದುಕಿನಲ್ಲಿ ಯಜಮಾನರಿಗೆ ಹಿಡಿಸದ ಸಂಗತಿಯೂ ಒಂದಿದೆ. ಅವರು ಒಂದೇ ಮೇಳದಲ್ಲಿ ನಿಲ್ಲಲಿಲ್ಲ. ಹಲವು ಮೇಳ ತಿರುಗಿದರು. "ಕಲಿಸಿದ್ರೆ ಬಿಟ್ಟು ಹೋಗ್ತಾನೆ, ಮತ್ತೊಬ್ಬನ ಅಂಗಡಿ ಉದ್ಧಾರ ಆಗ್ತದೆ" ಎಂಬ ನಿಮ್ಮ ಅಂಜಿಕೆ ಸುಳ್ಳಲ್ಲ ಎನ್ನುವುದಕ್ಕೆ ಇದೇ ಸಾಕ್ಷಿ. ಪ್ರತಿ ವರ್ಷ ಮಳೆಗಾಲದಲ್ಲಿ ಯಾವ ಕಲಾವಿದ ಯಾವ ಮೇಳ ಎಂಬ ಸುದ್ದಿ ಕ್ರಿಕೆಟ್ ಆಟಗಾರರ ಹರಾಜಿನಷ್ಟೇ ಬಿಸಿಯಾಗಿರುತ್ತದೆ. ಆದರೂ ಮೇಳಗಳು ಕಲಿಸುವುದನ್ನು ನಿಲ್ಲಿಸಿಲ್ಲ. ಉಪ್ಪೂರರ ಗರಡಿಯಲ್ಲಿ ಧಾರೇಶ್ವರರಷ್ಟೇ ಅಲ್ಲ, ಕಾಳಿಂಗ ನಾವಡರೂ ತಯಾರಾದರು. 1990ರಲ್ಲಿ ರಸ್ತೆ ಅಪಘಾತದಲ್ಲಿ ಎಳೆಯ ವಯಸ್ಸಿನಲ್ಲೇ ತೀರಿಕೊಂಡ ನಾವಡರು ಸಾಲಿಗ್ರಾಮ ಮೇಳದಲ್ಲಿ ಹಾಡಿ ಒಂದು ತಲೆಮಾರನ್ನೇ ಆವರಿಸಿದ್ದರು. ಇಬ್ಬರು ಶಿಷ್ಯರು ಬೇರೆ ಬೇರೆ ಮೇಳದಲ್ಲಿ ಹೆಸರು ಮಾಡಿದರು ಎಂದು ಗುರುವಿನ ಗೌರವ ಕಡಿಮೆಯಾಗಲಿಲ್ಲ. ಅಲ್ಲಿ ಕಲಿತರೆ ಮುಂದೆ ಬರಬಹುದು ಎಂಬ ಮಾತು ಊರಲ್ಲಿ ಹರಡಿದ ಜಾಗಕ್ಕೆ ಜನ ತಾವಾಗಿ ಬರುತ್ತಾರೆ. ಕಲಿಸದೆ ಇಟ್ಟುಕೊಂಡವನೂ ಹೋಗಿಯೇ ಹೋಗುತ್ತಾನೆ. ಇರುವಷ್ಟು ದಿನ ಅರೆಬರೆ ಕೆಲಸ ಮಾಡಿ ಹೋಗುತ್ತಾನೆ, ಅಷ್ಟೇ ವ್ಯತ್ಯಾಸ.

ಹೊರಗೆ ಕಳಿಸಿ ಕಲಿಸುವ ಧೈರ್ಯವೂ ಈ ನೆಲದಲ್ಲೇ ನಡೆದದ್ದು. ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಕಟ್ಟಿದ ಇಡಗುಂಜಿ ಮಹಾಗಣಪತಿ ಯಕ್ಷಗಾನ ಮಂಡಳಿ ಮನೆತನದ ಮೇಳ. ಮಗ ಶಂಭು ಹೆಗಡೆ ಅಪ್ಪನ ನೆರಳಿನಲ್ಲೇ ವೇಷ ಕಟ್ಟಿಕೊಂಡು ಇದ್ದುಬಿಡಬಹುದಿತ್ತು. ಅವರು ದೆಹಲಿಗೆ ಹೋಗಿ ಮಾಯಾ ರಾವ್ ಅವರ ಬಳಿ ಕೊರಿಯಾಗ್ರಫಿ ಕಲಿತರು. ತಿರುಗಿ ಬಂದು ಆಟದ ಅವಧಿ, ಶಿಸ್ತು, ಪಾತ್ರದ ಪೋಷಣೆ ಎಲ್ಲದರಲ್ಲೂ ಹೊಸ ದೃಷ್ಟಿ ತಂದರು. ಎಲ್ಲರಿಗೂ ಅದು ಒಪ್ಪಿಗೆಯಾಯಿತು ಎಂದಲ್ಲ. ಮೇಳ ನಡೆಸುವುದರ ಕಷ್ಟನಷ್ಟವೂ ಅವರಿಗೆ ಚೆನ್ನಾಗಿ ಗೊತ್ತಿತ್ತು. 1986ರಲ್ಲಿ ಗುಣವಂತೆಯಲ್ಲಿ ಶ್ರೀಮಯ ಯಕ್ಷಗಾನ ರಂಗಶಿಕ್ಷಣ ಕೇಂದ್ರ ತೆರೆದು, ಮನೆತನದ ಹೊರಗಿನ ಮಕ್ಕಳಿಗೂ ಬಾಗಿಲು ತೆಗೆದರು.   ಹೆಗಡೆ ಮನೆತನದ ಮಟ್ಟಿಗೆ ಹೇಳುವುದಾದರೆ, ತಮ್ಮವರಿಗಷ್ಟೇ ವಿದ್ಯೆ ಎಂದು ಬಾಗಿಲು ಹಾಕಿಕೊಳ್ಳದ ಮಂಡಳಿ ಇಂದಿಗೂ ಜೀವಂತವಾಗಿದೆ. ಮನೆಯವರ ಹೊರತು ಯಾರಿಗೂ ಬೀಗದ ಕೈ ಕೊಡದ ಅಂಗಡಿಗಳು ಮಕ್ಕಳು ಬೆಂಗಳೂರಿಗೆ ಹೋದ ಮೇಲೆ ಏನಾಗುತ್ತವೆ ಎಂದು ಕುಮಟೆಯ ರಥಬೀದಿಯಲ್ಲಿ ಕೇಳಿದರೂ ಸಾಕು.

ಮೇಳವನ್ನು ಇಷ್ಟೆಲ್ಲ ಹೊಗಳಿ ಅಲ್ಲಿನ ಹುಳುಕನ್ನು ಮುಚ್ಚಿಟ್ಟರೆ ಮೋಸವಾಗುತ್ತದೆ. ನೀವು ಮೇಳದಿಂದ ಕಲಿಯಬಾರದ್ದೂ ಬೇಕಾದಷ್ಟಿದೆ. ಚೌಕಿಯ ಸಾಲಿನಲ್ಲಿ ಜಾಗ ವೇಷದ ಮೇಲೆ ಎಂದರೂ, ಯಾವ ವೇಷ ಯಾರಿಗೆ ಎಂಬಲ್ಲಿ ಜಾತಿ, ಮನೆತನ, ಯಜಮಾನನ ಒಲವು ಕೆಲಸ ಮಾಡಿದ್ದುಂಟು. ಸೀಸನ್ನಿಗೆ ಮುಂಗಡ ಕೊಟ್ಟು ಕಟ್ಟಿಹಾಕುವ ಪದ್ಧತಿಯಲ್ಲಿ ಕಲಾವಿದನ ಕೈ ಕೆಳಗೇ ಇರುತ್ತದೆ. ರಾತ್ರಿ ಪ್ರಯಾಣ, ನಿದ್ದೆಗೇಡು, ಅಪಘಾತ. ರಂಗಸ್ಥಳದಲ್ಲಿ ರಾಜ, ಮನೆಯಲ್ಲಿ ಸೋರುವ ಮಾಡು. ವೃತ್ತಿಮೇಳಗಳಲ್ಲಿ ಹೆಂಗಸರಿಗೆ ಬಹುಮಟ್ಟಿಗೆ ಜಾಗ ಇರಲಿಲ್ಲ. ಕಲಾವಿದರ ಬದುಕಿನ ಭದ್ರತೆಯ ಕೊರತೆ ತುಂಬಲು ಮೇಳದ ಹೊರಗಿನವರು ಎದ್ದು ನಿಲ್ಲಬೇಕಾಯಿತು. 1975ರಲ್ಲಿ ಶುರುವಾದ ಉಡುಪಿಯ ಯಕ್ಷಗಾನ ಕಲಾರಂಗ ಕಲಾವಿದರಿಗೆ ವಿಮೆ, ಕಷ್ಟಕಾಲಕ್ಕೆ ನೆರವು, ಮಕ್ಕಳ ಓದಿಗೆ ಹಣ, ಮನೆಯಿಲ್ಲದವರಿಗೆ ಮನೆ ಹೀಗೆ ಒಂದೊಂದಾಗಿ ಮಾಡುತ್ತ ಬಂದಿದೆ. ಕಲೆಯ ಪ್ರೀತಿಯಿಂದ ಹೊಟ್ಟೆ ತುಂಬುವುದಿಲ್ಲ ಎಂದು ಗೊತ್ತಿದ್ದವರ ಕೆಲಸ ಅದು.

ಆದ್ದರಿಂದ ಒತ್ತಿಗೆ ಕೂರಿಸಿದೆ, ಚೌಕಿಯಲ್ಲಿ ತಿದ್ದಿದೆ, ಪ್ರೀತಿಯಿಂದ ಮಾತಾಡಿಸಿದೆ, ಇನ್ನೇನು ಬೇಕು ಎಂದು ಕೇಳುವ ಯಜಮಾನರಿಗೆ ಉತ್ತರ ಚೀಟಿಯಲ್ಲಿದೆ, ಸಂಬಳದ ಚೀಟಿಯಲ್ಲಿ. "ನಮ್ಮನೆ ಹುಡುಗ ಇದ್ದಂಗೆ" ಎಂಬ ಮಾತನ್ನು ಪಿಎಫ್ ಕಟ್ಟದಿರಲು ನೆಪ ಮಾಡಿಕೊಂಡವರು ಈ ಮೂರು ತಾಲೂಕಿನಲ್ಲಿ ಇಲ್ಲವೆಂದು ಯಾರೂ ಆಣೆ ಮಾಡಲಾರರು. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕೇಂದ್ರದ ಹೊಸ ಕಾರ್ಮಿಕ ಸಂಹಿತೆಗಳು ಕೆಲಸಕ್ಕೆ ಸೇರಿದ ಎಲ್ಲರಿಗೂ ನೇಮಕಾತಿ ಪತ್ರ ಕೊಡಬೇಕೆನ್ನುತ್ತವೆ. ಸಂಬಳ ಎಷ್ಟು, ಹೊತ್ತು ಎಷ್ಟು, ರಜೆ ಯಾವಾಗ ಎಂದು ಒಂದು ಹಾಳೆಯಲ್ಲಿ ಬರೆದು ಸಹಿ ಮಾಡಿಕೊಟ್ಟರೆ ಅರ್ಧ ಜಗಳ ಹುಟ್ಟುವುದೇ ಇಲ್ಲ. ಹತ್ತು ಜನರಿಗಿಂತ ಕಡಿಮೆಯಿಲ್ಲದ ಕಡೆ ಹೆಂಗಸರ ದೂರು ಕೇಳಲು ಆಂತರಿಕ ಸಮಿತಿ ಇರಬೇಕೆಂಬುದು 2013ರ ಕಾಯ್ದೆ. ಗೇರುಬೀಜ ಒಡೆಯುವ, ಸುಲಿಯುವ, ಬಟ್ಟೆ ಮಡಚುವ, ಡ್ರಿಪ್ ಹಾಕುವ ಕೈಗಳಲ್ಲಿ ಹೆಚ್ಚಿನವು ಹೆಂಗಸರವೇ ಆದ್ದರಿಂದ ಇದನ್ನು ಗೋಡೆಗೆ ಅಂಟಿಸಿದ ಕಾಗದವಾಗಿ ಬಿಡಬಾರದು. ಹಳ್ಳಿಗೆ ಹೋಗುವ ಕೊನೆಯ ಬಸ್ಸು ಹೊರಡುವ ಹೊತ್ತಿಗೆ ಅಂಗಡಿಯ ಹುಡುಗಿಯನ್ನು ಬಿಡುವುದಕ್ಕೆ ಕಾಯ್ದೆಯೂ ಬೇಕಾಗಿಲ್ಲ. ಸೀರೆ ಬಿಚ್ಚಿ ತೋರಿಸುತ್ತ ನಿಂತವಳ ಕಣ್ಣು ಗಡಿಯಾರದ ಮೇಲಿದ್ದರೆ ವ್ಯಾಪಾರ ಆಗುವುದೂ ಅಷ್ಟರಲ್ಲೇ ಇದೆ.

ಬೋಟಿನ ಯಜಮಾನರಿಗೆ ಬೇರೆಯೇ ಒಂದು ಮಾತು. ನಿಮ್ಮಲ್ಲಿ ಪಾಲಿನ ಪದ್ಧತಿ ಹಿಂದಿನಿಂದ ಇದೆ. ಬಲೆಗೆ ಬಿದ್ದ ಮೀನಿನ ಬೆಲೆಯಲ್ಲಿ ಕೈಗೆಲಸದವನಿಗೂ ಪಾಲು. ದುಡಿಮೆ ಹೆಚ್ಚಾದರೆ ತನಗೂ ಹೆಚ್ಚು ಎಂದು ಗೊತ್ತಿರುವವನಿಗೆ ಬೆನ್ನ ಹಿಂದೆ ನಿಂತು ಕೂಗಬೇಕಿಲ್ಲ. ಹೋಟೆಲು, ರೆಸಾರ್ಟಿನವರು ಈ ಒಂದು ವಿಚಾರದಲ್ಲಿ ಬಂದರಿನ ಕಡೆ ನೋಡಬಹುದು. ಆದರೆ ಒಡಿಶಾ, ಜಾರ್ಖಂಡಿನಿಂದ ಬಂದ ಹುಡುಗರಿಗೆ ಪಾಲಿನ ಲೆಕ್ಕ ಅವರಿಗೆ ತಿಳಿಯುವ ಭಾಷೆಯಲ್ಲಿ ಹೇಳುತ್ತೀರಾ, ಅವರಲ್ಲಿ ಒಬ್ಬನಾದರೂ ಬೋಟು ನಡೆಸುವ ತಾಂಡೇಲನ ಪಕ್ಕದಲ್ಲಿ ನಿಂತು ಚುಕ್ಕಾಣಿ ಕಲಿಯುತ್ತಿದ್ದಾನೆಯೇ ಎಂಬ ಪ್ರಶ್ನೆ ಉಳಿಯುತ್ತದೆ.

ಇನ್ನು ಕೆಲಸಕ್ಕೆ ಇಳಿಯುವ ಹೊತ್ತು. ಈ ಕರಾವಳಿಗೆ ವರ್ಷದಲ್ಲಿ ಒಂದು ಪೂರ್ವರಂಗ ಪ್ರಕೃತಿಯೇ ಕೊಟ್ಟಿದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಪ್ರವಾಸಿಗರು ಕಡಿಮೆ, ರೆಸಾರ್ಟಿನ ಕೋಣೆಗಳು ಖಾಲಿ, ಮೇಳಗಳು ಮನೆ ಸೇರಿರುತ್ತವೆ. ಬಹಳ ಯಜಮಾನರು ಆ ಎರಡು ತಿಂಗಳಲ್ಲಿ ಜನರನ್ನು ಮನೆಗೆ ಕಳಿಸಿ, ಆಗಸ್ಟ್ ಕೊನೆಗೆ ಮತ್ತೆ ಹುಡುಕಾಟ ಶುರು ಮಾಡುತ್ತಾರೆ. ಅದರ ಬದಲು ಅರ್ಧ ಜನರನ್ನಾದರೂ ಉಳಿಸಿಕೊಂಡು ಕೆಲಸ ಅದಲುಬದಲು ಮಾಡಿ ನೋಡಿ. ಸಪ್ಲೈಯರ್‌ನನ್ನು ಮಧ್ಯಾಹ್ನದ ಹೊತ್ತು ಗಲ್ಲೆಯಲ್ಲಿ ಕೂರಿಸಿ, ಯಜಮಾನರು ಪಕ್ಕದ ಕುರ್ಚಿಯಲ್ಲಿ ಪೇಪರ್ ಓದುತ್ತ ಕೂತಿರಲಿ. ರೂಂಬಾಯ್‌ಗೆ ಬುಕಿಂಗ್ ಫೋನ್ ಎತ್ತಲು ಬಿಡಿ. ಸೊಸೈಟಿಯ ಅಟೆಂಡರ್ ಒಂದು ವಾರ ರಸೀದಿ ಬರೆಯಲಿ, ಗುಮಾಸ್ತರು ತಿದ್ದಲಿ. ಮಳೆಯ ದಿನ ಬರುವ ಐದಾರು ಗಿರಾಕಿಗಳಲ್ಲಿ ಒಬ್ಬರ ಬಿಲ್ಲು ತಪ್ಪಿದರೆ ಹೋಗುವುದು ಹತ್ತಿಪ್ಪತ್ತು ರೂಪಾಯಿ. ಅದೇ ತಪ್ಪು ಡಿಸೆಂಬರ್ ಕೊನೆಯ ವಾರ, ಹೊರಗೆ ನಾಲ್ಕು ಬಸ್ಸು ನಿಂತಿರುವಾಗ ಆಗುವುದಕ್ಕಿಂತ ಅಗ್ಗ. ಸೆಪ್ಟೆಂಬರ್ ಹೊತ್ತಿಗೆ ಯಾರು ಯಾವುದಕ್ಕೆ ಲಾಯಕ್ಕು ಎಂದು ನಿಮಗೂ ಗೊತ್ತಾಗಿರುತ್ತದೆ, ಅವರಿಗೂ. ಸಂಬಳ ಏರಿಸುವುದಿದ್ದರೆ ಆಗಲೇ ಏರಿಸಿ, ಹೊಸ ಹೊಣೆಯನ್ನು ಹಾಳೆಯಲ್ಲಿ ಬರೆದು ಕೊಡಿ. ದೀಪಾವಳಿಗೆ ಇನ್ನೂ ಹೊತ್ತಿರುತ್ತದೆ.